‘ಪರವಾಗಿಲ್ಲ’ ಎಂಬ ಉತ್ತರದ ಹಿಂದೆ: ಕಿಮೋಥೆರಪಿಯ ತಿಂಗಳುಗಳಲ್ಲಿ ಒಂದು ಮನೆ

ಈ ಅಧ್ಯಯನದಲ್ಲಿರುವುದು ಒಂದು ಮನೆಯಲ್ಲಿ ನಡೆದ ಒಂದು ಚಿಕಿತ್ಸೆಯ ವಿವರ. ರೋಗಿ ನನ್ನ ಪತ್ನಿ. ಆರೈಕೆಯ ಹೊಣೆ ಹೊತ್ತವನು ನಾನು. ಚಿಕಿತ್ಸೆಯ ದಿನಗಳಲ್ಲಿ ಬರೆದಿಟ್ಟ ಎರಡು ನೋಟ್‌ಬುಕ್‌ಗಳು, ಆಸ್ಪತ್ರೆಯಿಂದ ಬಂದ ವರದಿಗಳು, ಎಲ್ಲ ಮುಗಿದ ಮೇಲೆ ನಾವಿಬ್ಬರೂ ಕುಳಿತು ಹೊಂದಿಸಿಕೊಂಡ ನೆನಪುಗಳು ಇದಕ್ಕೆ ಆಧಾರ. ಬರೆದದ್ದನ್ನು ಆಕೆ ಪೂರ್ತಿ ಓದಿದ್ದಾಳೆ, ಮೂರು ಕಡೆ ತಿದ್ದಿದ್ದಾಳೆ, ಹೆಸರು ಮಾತ್ರ ಬೇಡ ಎಂದಿದ್ದಾಳೆ.

ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಾಳಸಂಗಾತಿಯ ಪಾತ್ರ ಎಂದ ಕೂಡಲೇ ಹೊತ್ತು ಹೊತ್ತಿಗೆ ಮಾತ್ರೆ ಕೊಡುವುದು, ಆಸ್ಪತ್ರೆಗೆ ಕರೆದೊಯ್ಯುವುದು, ಅಡುಗೆ ಮಾಡುವುದು, ಧೈರ್ಯ ಹೇಳುವುದು ಇವೇ ಮೊದಲು ನೆನಪಿಗೆ ಬರುತ್ತವೆ. ಈ ಕೆಲಸಗಳಲ್ಲಿ ನಾವು ಹೆಚ್ಚು ಎಡವಲಿಲ್ಲ. ನಾವು ಎಡವಿದ್ದು ಒಬ್ಬರಿಗೊಬ್ಬರು ಭಾರವಾಗಬಾರದೆಂದು ನುಂಗಿಕೊಂಡ ಮಾತುಗಳಲ್ಲಿ. ಆ ಮೌನದ ಬೆಲೆಯನ್ನು ತೆತ್ತದ್ದು ಆಕೆಯ ಬೆರಳುಗಳು. ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವೂ ಅದೇ. ಇಂಥ ಮೌನ ನಮ್ಮ ಮನೆಯೊಂದರದೇ ಅಲ್ಲವೆಂಬುದು, ಕಿಮೋ ಕೊಡಿಸುವ ಕೊಠಡಿಯ ಹೊರಗಿನ ಕುರ್ಚಿಗಳಲ್ಲಿ ತಿಂಗಳುಗಟ್ಟಲೆ ಕುಳಿತ ನನಗೆ ಚೆನ್ನಾಗಿ ತಿಳಿದಿದೆ.

ಹಿನ್ನೆಲೆ

ರೋಗ ಪತ್ತೆಯಾದಾಗ ಆಕೆಗೆ 47 ವರ್ಷ, ನನಗೆ 51. ಮಗಳು ಹದಿನೈದು ತುಂಬಿದ ಶಾಲಾ ವಿದ್ಯಾರ್ಥಿನಿ. ನನ್ನದು ಕಂಪ್ಯೂಟರಿನ ಮುಂದೆ ಕೂರುವ ಉದ್ಯೋಗ. ಪತ್ನಿ ಹೊಲಿಗೆಯನ್ನೇ ವೃತ್ತಿಯಾಗಿಸಿಕೊಂಡವಳು. ಕೈಹೊಲಿಗೆಯ ಸೂಕ್ಷ್ಮ ಕೆಲಸಕ್ಕಾಗಿಯೇ ಜನ ಆಕೆಯನ್ನು ಹುಡುಕಿಕೊಂಡು ಬರುತ್ತಿದ್ದರು. ಈ ಒಂದು ವಿವರವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಚಿಕಿತ್ಸೆ ಆರಂಭವಾಗುವಾಗ ನಾವಿಬ್ಬರೂ ಇದನ್ನು ವೈದ್ಯರಿಗೆ ಹೇಳಲೇ ಇಲ್ಲ. ಅದು ಹೇಳಬೇಕಾದ ಸಂಗತಿ ಎಂದು ನಮಗೆ ಹೊಳೆದಿರಲಿಲ್ಲ.

ಹಲವು ತಿಂಗಳ ಸುಸ್ತು ಮತ್ತು ರಕ್ತಹೀನತೆಯ ಕಾರಣ ಹುಡುಕುತ್ತಾ ಹೋದಾಗ ದೊಡ್ಡಕರುಳಿನ ಬಲಭಾಗದಲ್ಲಿ ಗೆಡ್ಡೆ ಕಂಡಿತು. ಶಸ್ತ್ರಚಿಕಿತ್ಸೆಯಲ್ಲಿ ಆ ಭಾಗವನ್ನು ತೆಗೆದರು. ಜೊತೆಗೆ ಪರೀಕ್ಷಿಸಿದ 19 ದುಗ್ಧಗ್ರಂಥಿಗಳ (ಲಿಂಫ್ ನೋಡ್) ಪೈಕಿ 5ರಲ್ಲಿ ಕ್ಯಾನ್ಸರ್ ಕೋಶಗಳಿದ್ದವು. ಯಕೃತ್ತು, ಶ್ವಾಸಕೋಶಗಳಿಗೆ ಹರಡಿರಲಿಲ್ಲ. ಆದರೂ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಗ್ರಂಥಿಗಳಿಗೆ ತಗುಲಿದ್ದರೆ ಅದು ಮೂರನೆಯ ಹಂತದಲ್ಲೇ ಹೆಚ್ಚು ಅಪಾಯದ ಗುಂಪಿಗೆ ಸೇರುತ್ತದೆ. ಆರು ಪ್ರಯೋಗಗಳ 12,834 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ‘ಐಡಿಯಾ’ ವಿಶ್ಲೇಷಣೆಯ ನಂತರ, ಕಡಿಮೆ ಅಪಾಯದ ಅನೇಕರಿಗೆ ಮೂರು ತಿಂಗಳ ಕಿಮೋ ಸಾಕಾಗುತ್ತಿದೆ. ನಮಗೆ ಆ ಅವಕಾಶವಿರಲಿಲ್ಲ. ‘ಫಾಲ್‌ಫಾಕ್ಸ್’ ಎಂದು ಕರೆಯುವ ಔಷಧಿಗಳ ಜೋಡಣೆಯನ್ನು ಎರಡು ವಾರಕ್ಕೊಮ್ಮೆಯಂತೆ ಹನ್ನೆರಡು ಸೈಕಲ್, ಅಂದರೆ ಪೂರ್ತಿ ಆರು ತಿಂಗಳು ಕೊಡುವುದೆಂದು ತೀರ್ಮಾನವಾಯಿತು.

ಹದಿನಾಲ್ಕು ದಿನಗಳ ಸುತ್ತು

ಮೊದಲ ದಿನ ಆಸ್ಪತ್ರೆಯಲ್ಲಿ. ಎದೆಯ ಮೇಲ್ಭಾಗದ ಚರ್ಮದಡಿ ಕೂರಿಸಿದ, ರಕ್ತನಾಳಕ್ಕೆ ಔಷಧಿ ಹಾಯಿಸುವ ಸಣ್ಣ ಸಾಧನವಾದ ಪೋರ್ಟ್‌ಗೆ ಸೂಜಿ ಚುಚ್ಚಿ ಲವಣದ್ರಾವಣ ಹಾಯಿಸಿದ ಕ್ಷಣದಲ್ಲೇ ಬಾಯಿಗೆ ಅದರ ರುಚಿ ಬರುತ್ತಿತ್ತೆಂದು ಆಕೆ ಹೇಳುತ್ತಿದ್ದಳು. ಆಕ್ಸಾಲಿಪ್ಲಾಟಿನ್ ಮತ್ತು ಲ್ಯೂಕೋವೊರಿನ್ ಇಳಿಯಲು ಎರಡು ಗಂಟೆ. ಅದಾದ ಮೇಲೆ ಮೂರನೆಯ ಔಷಧಿಯಾದ ಫ್ಲೋರೋಯುರಾಸಿಲ್ ಅನ್ನು ಸ್ವಲ್ಪ ನೇರವಾಗಿ ಕೊಟ್ಟು, ಉಳಿದದ್ದನ್ನು ತುಂಬಿದ ಪಂಪನ್ನು ಪೋರ್ಟ್‌ಗೆ ಜೋಡಿಸಿ ಮನೆಗೆ ಕಳಿಸುತ್ತಿದ್ದರು. ಅದು 46 ಗಂಟೆಗಳ ಕಾಲ ಹನಿಹನಿಯಾಗಿ ದೇಹ ಸೇರಬೇಕಾದ ಔಷಧಿ.

ಆ ಪಂಪ್ ಮಗುವಿನ ಹಾಲಿನ ಬಾಟಲಿಯಷ್ಟು ದೊಡ್ಡದು. ಒಳಗೆ ಔಷಧಿ ತುಂಬಿದ ಬಲೂನು. ಅದು ತನ್ನ ಬಿಗಿತದಿಂದಲೇ ನಿಧಾನವಾಗಿ ಕುಗ್ಗುತ್ತಾ ಔಷಧಿಯನ್ನು ತಳ್ಳುತ್ತದೆ. ಬ್ಯಾಟರಿಯಿಲ್ಲ, ಸದ್ದಿಲ್ಲ, ದೀಪವಿಲ್ಲ. ಸದ್ದು ಮಾಡದ ಯಂತ್ರ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಮೊದಲ ರಾತ್ರಿ ನಾನು ಗಂಟೆಗೊಮ್ಮೆ ಎದ್ದು ಮೊಬೈಲಿನ ಬೆಳಕಿನಲ್ಲಿ ಬಲೂನಿನ ಗಾತ್ರ ನೋಡುತ್ತಿದ್ದೆ. ಕೊಳವೆಯಲ್ಲಿ ಹರಿವನ್ನು ನಿಯಂತ್ರಿಸುವ ಸಣ್ಣ ಭಾಗವನ್ನು ಚರ್ಮಕ್ಕೆ ತಾಗುವಂತೆ ಅಂಟಿಸಿರುತ್ತಾರೆ; ಮೈಯ ಬಿಸಿಯ ಲೆಕ್ಕದ ಮೇಲೆಯೇ ಅದರ ವೇಗ ನಿಂತಿದೆ. ಅದು ಕಳಚಿದರೆ ಔಷಧಿ ತಡವಾಗುತ್ತದೆಂದು ಗೊತ್ತಾದ ಮೇಲೆ ಸ್ನಾನದ ಹೊತ್ತಿನಲ್ಲೂ ನನಗೆ ಅದರದೇ ಧ್ಯಾನ. ಮೂರನೆಯ ದಿನ ಮತ್ತೆ ಆಸ್ಪತ್ರೆಗೆ ಹೋಗಿ ಪಂಪ್ ತೆಗೆಸಿಕೊಂಡು ಬರುತ್ತಿದ್ದೆವು. ಪಂಪ್ ತೆಗೆದ ನಂತರದ 48 ಗಂಟೆ ಶೌಚಾಲಯದ ಮುಚ್ಚಳ ಹಾಕಿ ಎರಡು ಬಾರಿ ನೀರು ಬಿಡುವುದು, ವಾಂತಿಯಾದ ಬಟ್ಟೆಯನ್ನು ಕೈಗವಸು ತೊಟ್ಟು ಬೇರೆಯಾಗಿ ಒಗೆಯುವುದು ನಮ್ಮ ಪಾಲಿಗೆ ನಿಯಮವಾಯಿತು.

ಆಕ್ಸಾಲಿಪ್ಲಾಟಿನ್‌ನ ಮೊದಲ ಕಾಟ ತಣ್ಣನೆಯದನ್ನು ಸಹಿಸಲಾಗದಿರುವುದು. ಔಷಧಿ ಇಳಿದ ಕೆಲವೇ ಗಂಟೆಗಳಲ್ಲಿ, ಸಾಧಾರಣ ನೀರು ಕೂಡ ಗಂಟಲಲ್ಲಿ ಗಾಜಿನ ಚೂರಿನಂತೆ ಚುಚ್ಚುತ್ತದೆ. ಉಸಿರೇ ಕಟ್ಟಿದ ಹಾಗೆ ಅನಿಸುತ್ತದೆ. ಬಾಗಿಲ ಚಿಲಕ, ಸ್ಟೀಲಿನ ಚಮಚ, ಫ್ರಿಜ್‌ನ ಒಳಗಿನ ಗಾಳಿ, ಒದ್ದೆ ನೆಲ ಎಲ್ಲವೂ ಬೆರಳಿಗೆ ಕರೆಂಟಿನಂತೆ ತಾಗುತ್ತದೆ. ನಾನು ಫ್ರಿಜ್‌ನ ಹಿಡಿಗೆ ದಾರ ಕಟ್ಟಿ ಒಂದು ಜೊತೆ ಉಣ್ಣೆಯ ಕೈಗವಸು ತೂಗುಹಾಕಿದೆ, ಚಿಲಕಗಳಿಗೆ ಬಟ್ಟೆ ಸುತ್ತಿದೆ, ಕುಡಿಯುವ ನೀರನ್ನು ಫ್ಲಾಸ್ಕ್‌ನಲ್ಲಿಟ್ಟೆ. ಆರಂಭದ ಸೈಕಲ್‌ಗಳಲ್ಲಿ ಈ ಕಾಟ ಐದಾರು ದಿನಕ್ಕೆ ಇಳಿಯುತ್ತಿತ್ತು.

ವಾಂತಿ ತಡೆಯಲು ಕೊಡುತ್ತಿದ್ದ ಸ್ಟೀರಾಯ್ಡ್‌ನಿಂದಾಗಿ ಮೊದಲ ಎರಡು ರಾತ್ರಿ ಆಕೆಗೆ ನಿದ್ರೆ ಇರುತ್ತಿರಲಿಲ್ಲ. ಮಧ್ಯರಾತ್ರಿ ಎರಡು ಗಂಟೆಗೆ ಕಣ್ಣರಳಿಸಿ ಕುಳಿತು ಮಾತಿಗೆಳೆಯುತ್ತಿದ್ದಳು. ನಾಲ್ಕನೆಯ ದಿನದ ಹೊತ್ತಿಗೆ ಅದರ ಪ್ರಭಾವ ಇಳಿದು ಸುಸ್ತು ಹೇಗೆ ಬೀಳುತ್ತಿತ್ತೆಂದರೆ ಹಾಸಿಗೆಯಿಂದ ಬಚ್ಚಲಿಗೆ ಹೋಗಿಬರುವುದೇ ಆ ದಿನದ ಕೆಲಸವಾಗುತ್ತಿತ್ತು. ನಂತರ ಬಾಯಿ ಹುಣ್ಣು, ಬೇಧಿ. ಎರಡನೆಯ ವಾರದಲ್ಲಿ ನಿಧಾನವಾಗಿ ಚೇತರಿಕೆ. ಚೇತರಿಸಿಕೊಂಡೆವೆನ್ನುವಷ್ಟರಲ್ಲಿ ರಕ್ತಪರೀಕ್ಷೆ: ರಕ್ತಕಣಗಳ ಕೌಂಟ್ ಸರಿಯಿದ್ದರೆ ಮುಂದಿನ ಸೈಕಲ್, ಇಲ್ಲದಿದ್ದರೆ ಒಂದು ವಾರ ಮುಂದೂಡಿಕೆ. ಮೂರನೆಯ ಸೈಕಲ್ ಹೀಗೆ ಮುಂದಕ್ಕೆ ಹೋದಾಗ ಆಕೆ ಅತ್ತಳು. ವಿಶ್ರಾಂತಿ ಸಿಕ್ಕಿತಲ್ಲ ಎಂದು ನಾನು ಸಮಾಧಾನ ಹೇಳಿದ್ದು ತಪ್ಪು ಮಾತು. ಎಣಿಸುತ್ತಿರುವವರಿಗೆ ಒಂದು ವಾರ ಹೆಚ್ಚಾಗುವುದು ವಿಶ್ರಾಂತಿಯಲ್ಲ.

ಹೊರಗಿನವರ ವಿಚಾರಣೆ, ಫೋನ್ ಕರೆ, ತೋಚಿದ ಔಷಧಿಗಳ ಸಲಹೆ ಇವು ಎಲ್ಲ ಕಡೆ ಇರುವಂಥವೇ. ಆಕೆಯ ತಂಗಿ ಆ ಹೊಣೆ ವಹಿಸಿಕೊಂಡು ಎಲ್ಲರಿಗೂ ಉತ್ತರ ಕೊಟ್ಟಳು. ಅದರಿಂದ ಆದ ಉಪಕಾರ ದೊಡ್ಡದು.

ಜ್ವರದ ರಾತ್ರಿ

ನಾಲ್ಕನೆಯ ಸೈಕಲ್‌ನ ಒಂಬತ್ತನೆಯ ದಿನ ರಾತ್ರಿ ಆಕೆಗೆ ಚಳಿ ಹತ್ತಿತು. ಥರ್ಮಾಮೀಟರ್ 38.2 ಡಿಗ್ರಿ ಸೆಲ್ಸಿಯಸ್ ತೋರಿಸಿತು. ಗಂಟೆ 11.40. ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನವರೆಗೆ ನೋಡೋಣ ಎಂದು ಕೈ ಔಷಧಿ ಡಬ್ಬಿಯ ಕಡೆ ಹೋಗಿದ್ದು ನಿಜ. ಕಿಮೋ ನಡೆಯುವಾಗ 38 ಡಿಗ್ರಿ ದಾಟಿದರೆ ತಡಮಾಡದೆ ಆಸ್ಪತ್ರೆಗೆ ಬರಬೇಕು, ಜ್ವರ ಮರೆಮಾಚುವ ಮಾತ್ರೆಯನ್ನು ತಾನಾಗಿ ಕೊಡಬಾರದು ಎಂದು ನರ್ಸ್ ಮೊದಲ ದಿನವೇ ಬರೆದುಕೊಟ್ಟಿದ್ದ ಚೀಟಿ ಅದೇ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿತ್ತು. ಬಾಗಿಲ ಬಳಿ ಸಿದ್ಧವಾಗಿಟ್ಟಿದ್ದ ಚೀಲ ಹಿಡಿದು ಹೊರಟೆವು. ತಲುಪಿದ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಆಂಟಿಬಯೋಟಿಕ್ ಹತ್ತಿಸಿದರು. ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ ಕಣಗಳು 400ಕ್ಕೆ ಇಳಿದಿದ್ದವು. ಕಿಮೋ ಮುಂದುವರಿಸಲು ಸಾಮಾನ್ಯವಾಗಿ ಕೇಳುವುದು 1,500. ಐದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದೆವು. ಮುಂದಿನ ಸೈಕಲ್‌ಗಳಲ್ಲಿ ಬಿಳಿ ರಕ್ತಕಣ ಹೆಚ್ಚಿಸುವ ಚುಚ್ಚುಮದ್ದು ಸೇರಿತು.

ವೈದ್ಯಕೀಯವಾಗಿ ಅಂದು ನಾವು ಮಾಡಿದ್ದೆಲ್ಲ ಸರಿಯಾಗಿತ್ತು. ಆದರೆ ಮಗಳ ಪರೀಕ್ಷೆ ಹತ್ತಿರವಿತ್ತೆಂದು, ನಿದ್ರೆ ಕೆಡಿಸುವುದು ಬೇಡವೆಂದು, ಆಕೆಯನ್ನು ಎಬ್ಬಿಸದೆ ಬಂದಿದ್ದೆವು. ಬೆಳಿಗ್ಗೆ ಎದ್ದ ಮಗಳಿಗೆ ಕಂಡದ್ದು ಖಾಲಿ ಹಾಸಿಗೆ, ನೆಲದ ಮೇಲೆ ಬಿದ್ದ ಥರ್ಮಾಮೀಟರ್. ನಾನು ಕಳಿಸಿದ್ದ ಸಂದೇಶವನ್ನು ಆಕೆ ನೋಡಿದ್ದು ಅರ್ಧ ಗಂಟೆಯ ನಂತರ. ಆ ಅರ್ಧ ಗಂಟೆಯಲ್ಲಿ ಆಕೆ ಏನೇನು ಯೋಚಿಸಿದ್ದಳೆಂದು ನಾನು ಕೇಳಿಲ್ಲ. ಆಸ್ಪತ್ರೆಗೆ ಬಂದವಳು ಅಮ್ಮನನ್ನು ನೋಡಿ, ನನ್ನ ಕಡೆ ತಿರುಗಿ, ‘ಇನ್ನು ಮೇಲೆ ನನ್ನನ್ನು ಎಬ್ಬಿಸದೆ ಹೋಗಬೇಡಿ’ ಎಂದಷ್ಟೇ ಹೇಳಿದಳು. ಮುಚ್ಚಿಟ್ಟರೆ ಕಾಪಾಡಿದಂತೆ ಎಂಬ ನನ್ನ ನಂಬಿಕೆಗೆ ಬಿದ್ದ ಮೊದಲ ಪೆಟ್ಟು ಅದು. ಆದರೂ ಅದನ್ನು ಮಗಳ ವಿಷಯಕ್ಕೆ ಮಾತ್ರ ಸೀಮಿತಗೊಳಿಸಿಕೊಂಡೆ. ದೊಡ್ಡವರಿಬ್ಬರ ನಡುವೆ ಅದೇ ನಡೆಯುತ್ತಿರುವುದು ಕಾಣಲಿಲ್ಲ.

ನೋಟ್‌ಬುಕ್ಕಿನ ‘ಇಲ್ಲ’

ಮೊದಲ ಸೈಕಲ್‌ನಿಂದಲೇ ನಾನು ನೋಟ್‌ಬುಕ್ ಇಟ್ಟಿದ್ದೆ. ಉಷ್ಣತೆ, ತೂಕ, ಎಷ್ಟು ನೀರು ಕುಡಿದಳು, ಎಷ್ಟು ಬಾರಿ ಬೇಧಿಯಾಯಿತು, ಯಾವ ಮಾತ್ರೆ ಎಷ್ಟು ಗಂಟೆಗೆ, ಹೀಗೆ ಗೆರೆ ಎಳೆದು ಮಾಡಿದ ಪಟ್ಟಿ. ಕೊನೆಯ ಅಂಕಣ ‘ಜೋಮು’. ವೈದ್ಯರು ಆ ನೋಟ್‌ಬುಕ್ ನೋಡಿ ಮೆಚ್ಚಿದ್ದರು, ನನಗೂ ಅದರ ಬಗ್ಗೆ ಹೆಮ್ಮೆಯಿತ್ತು. ಬೆಳಿಗ್ಗೆ ಕಾಫಿಯ ಹೊತ್ತಿಗೆ ‘ಹೇಗಿದೆ?’ ಎಂದು ಕೇಳುತ್ತಿದ್ದೆ. ‘ಪರವಾಗಿಲ್ಲ’ ಎನ್ನುತ್ತಿದ್ದಳು. ‘ಕೈಕಾಲು ಜೋಮು?’ ಎಂದು ಕೇಳಿದರೆ ‘ತಣ್ಣಗಾದಾಗ ಅಷ್ಟೇ’ ಎನ್ನುತ್ತಿದ್ದಳು. ನಾನು ‘ಇಲ್ಲ’ ಎಂದು ಬರೆಯುತ್ತಿದ್ದೆ. ಆರನೆಯ ಸೈಕಲ್‌ನಿಂದ ಎಂಟನೆಯದರವರೆಗಿನ ಪುಟಗಳಲ್ಲಿ ಆ ಅಂಕಣದ ಉದ್ದಕ್ಕೂ ನನ್ನ ಕೈಬರಹದಲ್ಲಿ ‘ಇಲ್ಲ, ಇಲ್ಲ, ಇಲ್ಲ’ ಎಂದಿದೆ.

ಆಕ್ಸಾಲಿಪ್ಲಾಟಿನ್‌ನಿಂದ ಆಗುವ ನರಬಾಧೆ ಎರಡು ಬಗೆಯದು. ತಣ್ಣನೆಯದು ತಾಗಿದಾಗ ಬಂದು ಹೋಗುವುದು ಒಂದು. ಔಷಧಿ ದೇಹಕ್ಕೆ ಸೇರಿದ ಒಟ್ಟು ಪ್ರಮಾಣ ಏರಿದಂತೆ ಬೆರಳ ತುದಿಯಿಂದ ಆರಂಭವಾಗಿ, ಕೈಗವಸು ಕಾಲುಚೀಲ ತೊಟ್ಟ ಹಾಗೆ ಮೇಲಕ್ಕೆ ಹಬ್ಬಿ, ಎರಡು ಸೈಕಲ್‌ಗಳ ನಡುವೆಯೂ ಹೋಗದೆ ಉಳಿಯುವುದು ಇನ್ನೊಂದು. ಎರಡನೆಯದನ್ನು ಬೇಗ ಗುರುತಿಸಿದರೆ ಪ್ರಮಾಣ ಇಳಿಸಬಹುದು ಅಥವಾ ಆ ಒಂದು ಔಷಧಿಯನ್ನು ಮಾತ್ರ ನಿಲ್ಲಿಸಬಹುದು. ಅದನ್ನು ಮೊದಲೇ ತಡೆಯುವ ಔಷಧಿಯಿಲ್ಲ, ರಕ್ತಪರೀಕ್ಷೆಯಲ್ಲಿ ಅದು ತಿಳಿಯುವುದೂ ಇಲ್ಲ. ರೋಗಿ ಬಾಯಿಬಿಟ್ಟು ಹೇಳಿದರೆ ಮಾತ್ರ ಅದು ವೈದ್ಯರಿಗೆ ಗೊತ್ತಾಗುತ್ತದೆ.

ಒಂಬತ್ತನೆಯ ಸೈಕಲ್‌ಗೆ ಮೂರು ದಿನ ಮೊದಲು, ಒಂದು ಸಂಜೆ, ಆಕೆ ಕಿಟಕಿಯ ಪಕ್ಕ ಕುಳಿತು ಮಗಳ ಸಮವಸ್ತ್ರದ ಬಿಳಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ನಾನು ಒಗೆದ ಬಟ್ಟೆ ಮಡಚುತ್ತಾ ಎದುರಿಗಿದ್ದೆ. ಅಂಗಿಯ ಮೇಲೆ ಒಂದು ಕೆಂಪು ಚುಕ್ಕೆ ಕಂಡಿತು. ನೋಡುತ್ತಿದ್ದಂತೆ ಇನ್ನೊಂದು, ಮತ್ತೊಂದು. ಆಕೆಯ ಎಡಗೈ ತೋರುಬೆರಳಿನ ತುದಿಗೆ ಸೂಜಿ ಚುಚ್ಚಿ ನಿಂತಿತ್ತು. ಆಕೆ ಹೊಲಿಗೆಯನ್ನೇ ನೋಡುತ್ತಾ, ದಾರ ಏಕೆ ಮುಂದೆ ಬರುತ್ತಿಲ್ಲವೆಂದು ಮೆಲ್ಲಗೆ ಎಳೆಯುತ್ತಿದ್ದಳು. ಚುಚ್ಚಿರುವುದು ಆಕೆಗೆ ಗೊತ್ತೇ ಆಗಿರಲಿಲ್ಲ.

ಮೂವತ್ತು ವರ್ಷ ಸೂಜಿ ಹಿಡಿದ ಕೈ ಅದು. ನಾನು ಹೋಗಿ ಸೂಜಿ ತೆಗೆದು ಬೆರಳು ಒತ್ತಿ ಹಿಡಿದುಕೊಂಡೆ. ಪ್ಲೇಟ್‌ಲೆಟ್ ಕಡಿಮೆಯಿದ್ದುದರಿಂದ ರಕ್ತ ನಿಲ್ಲಲು ಹೊತ್ತು ಹಿಡಿಯಿತು. ಆ ಹೊತ್ತಿನಲ್ಲಿ ಎಲ್ಲ ಹೊರಬಂತು. ಆರನೆಯ ಸೈಕಲ್ ಆದಾಗಿನಿಂದ ಬೆರಳ ತುದಿಗಳು ಪೂರ್ತಿ ಎಚ್ಚರಗೊಂಡೇ ಇರಲಿಲ್ಲ. ರವಿಕೆಯ ಹುಕ್ಕುಗಳನ್ನು ಕನ್ನಡಿಯ ಮುಂದೆ ನಿಂತು ಕಣ್ಣಿಂದ ನೋಡಿ ಹಾಕಿಕೊಳ್ಳುತ್ತಿದ್ದಳು. ಚಪ್ಪಲಿ ಕಾಲಿನಿಂದ ಕಳಚಿದ್ದು ತಿಳಿಯದೆ ಎರಡು ಹೆಜ್ಜೆ ನಡೆದದ್ದಿತ್ತು. ಮಾತ್ರೆಗಳನ್ನು ಕವಚದಿಂದ ಬಿಡಿಸಲಾಗದೆ ಮಗಳ ಕೈಲಿ ಬಿಡಿಸಿಕೊಂಡು, ಅಪ್ಪನಿಗೆ ಹೇಳಬೇಡವೆಂದು ಮಾತು ತೆಗೆದುಕೊಂಡಿದ್ದಳು.

ಏಕೆ ಹೇಳಲಿಲ್ಲವೆಂದು ಕೇಳಿದೆ. ಆಕೆ ಕೊಟ್ಟ ಕಾರಣಗಳು ಎರಡು. ಹೇಳಿದರೆ ಔಷಧಿ ಕಡಿಮೆ ಮಾಡುತ್ತಾರೆ, ಕಡಿಮೆ ಮಾಡಿದರೆ ರೋಗ ಮರಳಬಹುದು ಎಂಬ ಭಯ ಒಂದು. ಇನ್ನೊಂದನ್ನು ಆಕೆಯ ಮಾತಿನಲ್ಲೇ ಬರೆಯುತ್ತೇನೆ: ‘ಕಳೆದ ತಿಂಗಳು ಪಂಪ್ ತೆಗೆಸಿಕೊಂಡು ಬರುವಾಗ ಕಾರು ಓಡಿಸುತ್ತಾ ನೀವು ತೂಕಡಿಸಿದಿರಿ. ನಾನು ಕೆಮ್ಮಿ ಎಬ್ಬಿಸಿದೆ. ನನಗೆ ಗೊತ್ತಾಗಲಿಲ್ಲ ಅಂದುಕೊಂಡಿರಿ. ಅಷ್ಟು ದಣಿದವರ ತಲೆಯ ಮೇಲೆ ಇದನ್ನೂ ಹೇರಲಾ?’

ಆ ತೂಕಡಿಕೆ ನನಗೂ ನೆನಪಿತ್ತು. ಅದನ್ನು ನಾನೂ ಮುಚ್ಚಿಟ್ಟಿದ್ದೆ. ಅದರ ಜೊತೆಗೆ, ಮೂರು ವಾರಗಳಿಂದ ನನ್ನ ರಕ್ತದೊತ್ತಡದ ಮಾತ್ರೆ ಮುಗಿದು ತಂದಿರಲಿಲ್ಲ ಎಂಬುದನ್ನೂ.

ಪರಸ್ಪರರನ್ನು ಕಾಪಾಡಲು ಚಿಂತೆಯನ್ನು ಅಡಗಿಸುವ ಈ ನಡವಳಿಕೆಯನ್ನು ಮನಶ್ಶಾಸ್ತ್ರಜ್ಞರು ಬಹು ಹಿಂದೆಯೇ ಗುರುತಿಸಿದ್ದಾರೆ. ಹೃದಯಾಘಾತದಿಂದ ಚೇತರಿಸಿಕೊಳ್ಳುತ್ತಿದ್ದವರನ್ನೂ ಅವರ ಪತ್ನಿಯರನ್ನೂ ಕುರಿತು ಕಾಯ್ನ್ ಮತ್ತು ಸ್ಮಿತ್ ಎಂಬ ಸಂಶೋಧಕರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದು ಸ್ಪಷ್ಟವಾಗಿ ಬರುತ್ತದೆ: ಹೀಗೆ ಮುಚ್ಚಿಡುವ ಸಂಗಾತಿಯ ಮನಸ್ಸಿನ ಬೇಗೆ ಇನ್ನಷ್ಟು ಹೆಚ್ಚಾಗಿಯೇ ಕಂಡುಬಂದಿತ್ತು. ನಮ್ಮ ಪ್ರಕರಣದಲ್ಲಿ ಮನಸ್ಸಿನ ಬೇಗೆಗಿಂತ ಮುಂದೆ ಹೋಗಿ ಅದು ನರಗಳನ್ನು ತಲುಪಿತು.

ತೀರ್ಮಾನ

ಮರುದಿನವೇ ಫೋನ್ ಮಾಡಿ, ಸೈಕಲ್‌ಗೆ ಮುಂಚೆ ವೈದ್ಯರನ್ನು ಕಂಡೆವು. ಅವರು ಆಕೆಗೆ ಒಂದು ಸಣ್ಣ ನಾಣ್ಯ ಕೊಟ್ಟು ಕಣ್ಣು ಮುಚ್ಚಿ ಬೆರಳಲ್ಲಿ ತಿರುಗಿಸಲು ಹೇಳಿದರು; ಅದು ನೆಲಕ್ಕೆ ಬಿತ್ತು. ‘ಈ ಕೈಯಿಂದ ನೀವು ಏನು ಕೆಲಸ ಮಾಡುತ್ತೀರಿ?’ ಎಂದು ಆಗ ಕೇಳಿದರು. ಹೊಲಿಗೆ ಎಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಕೆಯ ಭಯಕ್ಕೂ ಅವರು ಅಂಕಿಗಳಲ್ಲಿಯೇ ಉತ್ತರ ಕೊಟ್ಟರು. 2004ರಲ್ಲಿ ಪ್ರಕಟವಾದ ‘ಮೊಸಾಯಿಕ್’ ಪ್ರಯೋಗದಲ್ಲಿ ಆಕ್ಸಾಲಿಪ್ಲಾಟಿನ್ ಸೇರಿಸಿದ್ದರಿಂದ ಮೂರು ವರ್ಷ ರೋಗ ಮರಳದೆ ಉಳಿದವರ ಪ್ರಮಾಣ ಶೇ 72.9ರಿಂದ ಶೇ 78.2ಕ್ಕೆ ಏರಿತ್ತು; ಅದೇ ಪ್ರಯೋಗದಲ್ಲಿ ಶೇ 12.4ರಷ್ಟು ಮಂದಿಗೆ ತೀವ್ರ ನರಬಾಧೆಯೂ ಆಗಿತ್ತು. ಲಾಭದ ಬಹುಪಾಲಿಗೆ ಬೆನ್ನೆಲುಬಾಗಿರುವುದು ಫ್ಲೋರೋಯುರಾಸಿಲ್, ಅದು ಮುಂದುವರಿಯುತ್ತದೆ. ಎಂಟು ಸೈಕಲ್‌ನಷ್ಟು ಆಕ್ಸಾಲಿಪ್ಲಾಟಿನ್ ಆಗಲೇ ಸೇರಿದೆ. ಕೈಯ ಕೆಲಸಕ್ಕೆ ಅಡ್ಡಿಯಾಗುವಷ್ಟು ನರಬಾಧೆ ಇರುವಾಗ ಅದನ್ನು ನಿಲ್ಲಿಸುವುದು ಸೋಲಲ್ಲ, ಚಿಕಿತ್ಸೆಯ ಕ್ರಮವೇ ಹಾಗಿದೆ ಎಂದು ವಿವರಿಸಿದರು. ಏಳನೆಯ ಸೈಕಲ್‌ನಲ್ಲೇ ಗೊತ್ತಾಗಿದ್ದರೆ ಪ್ರಮಾಣ ಇಳಿಸಿ ನೋಡುತ್ತಿದ್ದೆ ಎಂದೂ ಹೇಳಿದರು. ದೂರುವ ದನಿಯಲ್ಲಿ ಹೇಳಲಿಲ್ಲ. ಆದರೂ ಆ ವಾಕ್ಯ ನನ್ನಲ್ಲಿ ಉಳಿದಿದೆ.

ಉಳಿದ ನಾಲ್ಕು ಸೈಕಲ್‌ಗಳು ಆಕ್ಸಾಲಿಪ್ಲಾಟಿನ್ ಇಲ್ಲದೆ ನಡೆದವು.

ಮನೆಯೊಳಗೆ ಬದಲಾದದ್ದು

ಎರಡನೆಯ ನೋಟ್‌ಬುಕ್ ಆರಂಭವಾದದ್ದು ಆ ವಾರ. ಈ ಬಾರಿ ಪುಟವನ್ನು ನಡುವೆ ಗೆರೆ ಎಳೆದು ಎರಡು ಭಾಗ ಮಾಡಿದೆವು. ಎಡಭಾಗವನ್ನು ಆಕೆಯೇ ಬರೆಯುವುದು, ನಾನು ಕೇಳಿ ಬರೆಯುವುದಲ್ಲ. ಬಲಭಾಗ ನನ್ನದು: ಎಷ್ಟು ಗಂಟೆ ಮಲಗಿದೆ, ನನ್ನ ಮಾತ್ರೆ ತೆಗೆದುಕೊಂಡೆನೇ, ಕಾರು ಓಡಿಸುವ ಸ್ಥಿತಿಯಲ್ಲಿದ್ದೇನೆಯೇ. ಆಸ್ಪತ್ರೆಗೆ ಹೋಗುವ ಹಿಂದಿನ ಸಂಜೆ ಇಬ್ಬರೂ ತಮ್ಮ ತಮ್ಮ ಭಾಗವನ್ನು ಮಗಳ ಎದುರು ಗಟ್ಟಿಯಾಗಿ ಓದುವುದು. ಮೊದಲ ಸಲ ಓದುವಾಗ ನನಗಾದ ಸಂಕೋಚ ಅಷ್ಟಿಷ್ಟಲ್ಲ. ರೋಗಿಯ ಎದುರು ಆರೋಗ್ಯವಂತನೊಬ್ಬ ತನ್ನ ನಿದ್ರೆಯ ಲೆಕ್ಕ ಒಪ್ಪಿಸುವುದು ಸಣ್ಣತನವೆನಿಸಿತ್ತು. ಆಕೆ ಮಾತ್ರ ‘ನಾಲ್ಕು ಗಂಟೆ’ ಎಂಬುದನ್ನು ಕೇಳಿದೊಡನೆ ತನ್ನ ಸೋದರನಿಗೆ ಫೋನ್ ಮಾಡಿ ಮರುದಿನ ಕಾರು ಓಡಿಸಲು ಬರಹೇಳಿದಳು. ಇಷ್ಟು ತಿಂಗಳುಗಳಲ್ಲಿ ಆಕೆ ನನಗಾಗಿ ಒಂದು ವ್ಯವಸ್ಥೆ ಮಾಡಿದ್ದು ಅದೇ ಮೊದಲು, ಅದನ್ನು ಮಾಡಿ ಮುಗಿಸಿದಾಗ ಆಕೆಯ ಮುಖದಲ್ಲಿದ್ದ ಗೆಲುವನ್ನು ನಾನು ಬಹಳ ದಿನಗಳಿಂದ ಕಂಡಿರಲಿಲ್ಲ.

ಪ್ರಶ್ನೆಗಳೂ ಬದಲಾದವು. ‘ಹೇಗಿದೆ?’ ಎಂಬ ಪ್ರಶ್ನೆಗೆ ‘ಪರವಾಗಿಲ್ಲ’ ಎಂಬುದಲ್ಲದೆ ಬೇರೆ ಉತ್ತರ ಬರುವುದಿಲ್ಲ. ಅದು ಪ್ರಶ್ನೆಯ ದೋಷ. ಇಂದು ಹುಕ್ಕು ನೋಡದೆ ಹಾಕಿಕೊಂಡೆಯಾ, ಬೀಗದಲ್ಲಿ ಕೀಲಿ ಎಷ್ಟನೆಯ ಸಲಕ್ಕೆ ಹೋಯಿತು, ಬರಿಗಾಲಲ್ಲಿ ನೆಲದ ಗಾರೆಯ ಒರಟು ತಿಳಿಯಿತೇ ಎಂದು ಕೇಳತೊಡಗಿದೆ. ಇಂಥ ಪ್ರಶ್ನೆಗೆ ಸುಳ್ಳು ಹೇಳುವುದು ಕಷ್ಟ. ಆಕೆಯ ಉತ್ತರಗಳು ಒಂದೊಂದು ದಿನ ಸಿಟ್ಟಿನಿಂದ ಬರುತ್ತಿದ್ದವು. ಸಿಟ್ಟು ಬಂದರೂ ಉತ್ತರ ನಿಜವಿರುತ್ತಿತ್ತು.

ಆಕೆ ತಿದ್ದಿದ ಮೂರು ಕಡೆಗಳಲ್ಲಿ ಒಂದು ಇಲ್ಲಿಗೆ ಸೇರುತ್ತದೆ. ಮೂರನೆಯ ಸೈಕಲ್‌ನಿಂದ ನಾನು ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದೆ. ನಾನು ಎದ್ದು ಓಡಾಡುವುದರಿಂದ ಆಕೆಯ ನಿದ್ರೆ ಕೆಡುತ್ತದೆ ಎಂಬುದು ನನ್ನ ಲೆಕ್ಕವಾಗಿತ್ತು, ನನ್ನ ಕರಡಿನಲ್ಲಿ ಅದನ್ನು ‘ಆಕೆಯ ಅನುಕೂಲಕ್ಕಾಗಿ’ ಎಂದು ಬರೆದಿದ್ದೆ. ಆಕೆ ಆ ಪದಗಳ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಬರೆದಳು: ‘ಕೈಗವಸು ತೊಟ್ಟು ನನ್ನ ಬಟ್ಟೆ ಒಗೆಯುವವರು ಕೋಣೆಯನ್ನೂ ಬಿಟ್ಟಾಗ, ನನ್ನ ಮೈಯನ್ನು ಕಂಡರೆ ನಿಮಗೆ ಹೆದರಿಕೆಯೆಂದೇ ಅಂದುಕೊಂಡಿದ್ದೆ.’ ಸ್ಟೀರಾಯ್ಡ್‌ನ ರಾತ್ರಿಗಳಲ್ಲಿ ಆಕೆ ಎರಡು ಗಂಟೆಗೆ ಎಚ್ಚರವಿದ್ದು ಮಾತಿಗೆ ಹಾತೊರೆದದ್ದು ಕೂಡ ಈ ಹಿನ್ನೆಲೆಯಲ್ಲೇ ಎಂದು ಈಗ ಅರ್ಥವಾಗುತ್ತದೆ. ಒಂಬತ್ತನೆಯ ಸೈಕಲ್‌ನಿಂದ ನಾನು ಮತ್ತೆ ಅದೇ ಕೋಣೆಯಲ್ಲಿ ಮಲಗಿದೆ. ಒಂದೇ ಹಾಸಿಗೆಯಲ್ಲಿ ಮಲಗಲು, ತಬ್ಬಿಕೊಳ್ಳಲು ಕಿಮೋ ಅಡ್ಡಿಯಲ್ಲ ಎಂದು ನರ್ಸ್ ಸ್ಪಷ್ಟಪಡಿಸಿದ್ದರು. ಕೇಳಲು ನಾವಿಬ್ಬರೂ ನಾಚಿಕೊಂಡಿದ್ದರಿಂದ ಆ ಒಂದು ವಾಕ್ಯ ನಮ್ಮನ್ನು ತಲುಪಲು ಎಂಟು ಸೈಕಲ್ ಹಿಡಿಯಿತು.

ಇನ್ನೊಂದು ತಿದ್ದುಪಡಿ ಕೆಲಸಗಳ ಬಗ್ಗೆ. ಆಕೆಗೆ ಶ್ರಮವಾಗಬಾರದೆಂದು ಮನೆಯ ಲೆಕ್ಕಪತ್ರ, ಮಗಳ ಶಾಲೆಯ ವ್ಯವಹಾರ, ಗಿರಾಕಿಗಳ ಕರೆ ಎಲ್ಲವನ್ನೂ ನಾನು ವಹಿಸಿಕೊಂಡಿದ್ದೆ. ಎರಡನೆಯ ವಾರದ ಒಳ್ಳೆಯ ದಿನಗಳಲ್ಲಿ ಮಾಡಬಲ್ಲ ಕೆಲಸವನ್ನೂ ಕಿತ್ತುಕೊಂಡಿದ್ದರಿಂದ ತಾನು ಮನೆಯಲ್ಲಿ ಅತಿಥಿಯಂತಾಗಿದ್ದೆನೆಂದು ಆಕೆ ಬರೆದಳು. ಲೆಕ್ಕಪತ್ರವನ್ನು ಹಿಂದಿರುಗಿಸಿದೆ. ಅದರಲ್ಲಿ ನಾನು ಮಾಡಿದ್ದ ತಪ್ಪುಗಳನ್ನು ಸರಿಪಡಿಸಲು ಆಕೆಗೆ ಎರಡು ವಾರ ಬೇಕಾಯಿತು.

ಮೂರನೆಯ ತಿದ್ದುಪಡಿ ಅತ್ಯಂತ ಖಾಸಗಿಯಾದದ್ದು. ಆ ಭಾಗವನ್ನು ಆಕೆ ಪೂರ್ತಿ ತೆಗೆದಿದ್ದಾಳೆ.

ಚಿಕಿತ್ಸೆಯ ನಂತರ

ಔಷಧಿ ನಿಲ್ಲಿಸಿದ ಕೂಡಲೇ ಬೆರಳು ಸರಿಹೋಗುತ್ತವೆಂದು ನಾವು ನಂಬಿದ್ದೆವು. ಆಕ್ಸಾಲಿಪ್ಲಾಟಿನ್‌ನ ನರಬಾಧೆ ನಿಲ್ಲಿಸಿದ ಮೇಲೂ ಎರಡು ಮೂರು ತಿಂಗಳು ಏರುತ್ತಲೇ ಹೋಗಬಹುದು. ನಮ್ಮಲ್ಲೂ ಹಾಗೇ ಆಯಿತು. ಹನ್ನೆರಡನೆಯ ಸೈಕಲ್ ಮುಗಿದು ಎಲ್ಲರೂ ಸಂತೋಷಪಡುತ್ತಿದ್ದ ದಿನಗಳಲ್ಲೇ ಆಕೆಯ ಪಾದಗಳಲ್ಲಿ ಉರಿ ಹೆಚ್ಚಾಯಿತು. ವೈದ್ಯರು ಮೊದಲೇ ಹೇಳಿದ್ದರಿಂದ ಈ ಬಾರಿ ಗಾಬರಿಯಾಗಲಿಲ್ಲ. ಉರಿನೋವಿಗೆ ಡ್ಯುಲಾಕ್ಸಿಟಿನ್ ಎಂಬ ಮಾತ್ರೆ ಕೊಟ್ಟರು. ನೋವು ತಗ್ಗಿತು, ಜೋಮು ತಗ್ಗಲಿಲ್ಲ. ಅದಕ್ಕೆ ಕಾಲವೇ ಔಷಧಿ. ಸ್ನಾನದ ನೀರಿನ ಬಿಸಿಯನ್ನು ಮೊಣಕೈಯಿಂದ ನೋಡುವುದು, ರಾತ್ರಿ ಬಚ್ಚಲ ದಾರಿಗೆ ದೀಪ, ದಿನಕ್ಕೊಮ್ಮೆ ಪಾದದಡಿ ಗಾಯವಿದೆಯೇ ಎಂದು ನೋಡುವುದು ಈಗಲೂ ನಡೆದಿದೆ. ಪಾದ ನೋಡುವುದು ನನ್ನ ಕೆಲಸ, ಏಕೆಂದರೆ ಗಾಯವಾದರೂ ಆಕೆಗೆ ತಿಳಿಯುವುದಿಲ್ಲ.

ಚಿಕಿತ್ಸೆ ಮುಗಿದು ಒಂದೂವರೆ ವರ್ಷವಾಗಿದೆ. ಮೂರು ತಿಂಗಳಿಗೊಮ್ಮೆ, ರೋಗ ಮರಳುವ ಸುಳಿವು ಹುಡುಕುವ ಸಿಇಎ ರಕ್ತಪರೀಕ್ಷೆ, ನಿಗದಿತ ಸಮಯಕ್ಕೆ ಸ್ಕ್ಯಾನ್. ಶಸ್ತ್ರಚಿಕಿತ್ಸೆಯಾಗಿ ಒಂದು ವರ್ಷಕ್ಕೆ ಮಾಡಿದ ಕೊಲೊನೋಸ್ಕೋಪಿ (ದೊಡ್ಡಕರುಳಿನ ಒಳಭಾಗವನ್ನು ಕ್ಯಾಮೆರಾದಿಂದ ನೋಡುವ ಪರೀಕ್ಷೆ) ಸ್ವಚ್ಛವಾಗಿತ್ತು. ಪರೀಕ್ಷೆಯ ಫಲಿತಾಂಶ ಬರುವ ಹಿಂದಿನ ವಾರ ಇಬ್ಬರಿಗೂ ನಿದ್ರೆ ಬರುವುದಿಲ್ಲ. ಮೊದಲಾಗಿದ್ದರೆ ಇಬ್ಬರೂ ಕಣ್ಣು ಮುಚ್ಚಿ ನಿದ್ರಿಸಿದಂತೆ ಮಲಗಿರುತ್ತಿದ್ದೆವು. ಈಗ ಯಾರಿಗೆ ಮೊದಲು ಎಚ್ಚರವಾಗುತ್ತದೋ ಅವರು ದೀಪ ಹಾಕುತ್ತಾರೆ.

ಆಕೆ ಹೊಲಿಗೆಗೆ ಮರಳಿದ್ದಾಳೆ. ಯಂತ್ರದ ಹೊಲಿಗೆ ಮೊದಲಿನಷ್ಟೇ ನಡೆಯುತ್ತದೆ. ಕೈಹೊಲಿಗೆಗೆ ಬಲಗೈ ಬಹುಪಾಲು ಮರಳಿದೆ, ಎಡಗೈ ತೋರುಬೆರಳು ಮತ್ತು ನಡುಬೆರಳ ತುದಿಗಳು ಇನ್ನೂ ಬಂದಿಲ್ಲ. ಆ ಎರಡಕ್ಕೆ ಅಂಗುಸ್ತಾನ ತೊಟ್ಟು, ಬಟ್ಟೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಹೊಲಿಯುತ್ತಾಳೆ. ಸಣ್ಣ ಕಣ್ಣಿನ ಸೂಜಿಗೆ ದಾರ ಪೋಣಿಸುವುದು ಆಗುವುದಿಲ್ಲ. ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವ ಮುನ್ನ ಹತ್ತು ಹನ್ನೆರಡು ಸೂಜಿಗಳಿಗೆ ದಾರ ಪೋಣಿಸಿ, ಸೂಜಿ ಚುಚ್ಚಿಡುವ ಪುಟ್ಟ ದಿಂಬಿನ ಮೇಲೆ ಸಾಲಾಗಿ ಚುಚ್ಚಿಟ್ಟು ಹೋಗುತ್ತೇನೆ. ಎಷ್ಟು ಬೇಕೆಂದು ಹಿಂದಿನ ರಾತ್ರಿಯೇ ಆಕೆ ಹೇಳಿರುತ್ತಾಳೆ.